ಮನೆಯನ್ನು ಮರೆತರೆಂಬ ಹೊಗಳಿಕೆ

ಊರಿನ ಪ್ರೌಢಶಾಲೆಯ ಹಿರಿಯ ಮುಖ್ಯೋಪಾಧ್ಯಾಯರು ಕಾಲವಾದರೆಂಬ ವಾರ್ತೆ ಬಂದ ದಿನ ನಡೆಯತಕ್ಕ ವಿಧಿಗಳು ತುಮಕೂರಿನಲ್ಲಾಗಲಿ, ಗುಬ್ಬಿಯಲ್ಲಾಗಲಿ, ಕುಣಿಗಲಿನಲ್ಲಾಗಲಿ ಹೆಚ್ಚುಕಡಿಮೆ ಒಂದೇ ಬಗೆಯವು. ಬೆಳಗಿನ ಪ್ರಾರ್ಥನೆಯ ಬಳಿಕ ಎರಡು ನಿಮಿಷದ ಮೌನ, ಮಕ್ಕಳಿಗೆ ರಜೆ, ಕೆಲವು ದಿನ ಕಳೆದ ಮೇಲೆ ಸಭಾಭವನದಲ್ಲಿ ಶ್ರದ್ಧಾಂಜಲಿ. ಭಾವಚಿತ್ರಕ್ಕೆ ವಿಭೂತಿ, ಹೂಮಾಲೆ, ಎದುರಿಗೆ ಊದುಬತ್ತಿ. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಗುರುಗಳ ಸಮಯಪಾಲನೆಯನ್ನು, ಗಣಿತ ಬೋಧನೆಯನ್ನು, ಕೈಯಲ್ಲಿನ ಬೆತ್ತವನ್ನು, ಬೆತ್ತದ ಹಿಂದಿದ್ದ ಪ್ರೀತಿಯನ್ನು ನೆನೆಯುತ್ತಾರೆ. ಕೊನೆಗೆ ಅಧ್ಯಕ್ಷ ಪೀಠದಿಂದ ಒಂದು ಮಾತು ತಪ್ಪದೆ ಬರುತ್ತದೆ: ಅವರು ತಮ್ಮ ಮನೆಯನ್ನೇ ಮರೆತು ಶಾಲೆಗಾಗಿ ದುಡಿದರು. ಸಭೆ ತಲೆದೂಗುತ್ತದೆ. ಎರಡನೆಯ ಸಾಲಿನಲ್ಲಿ, ಬಿಳಿಯ ಸೆರಗನ್ನು ಹೊದೆದು ಕುಳಿತಿರುವ ಅವರ ಧರ್ಮಪತ್ನಿ ತಲೆದೂಗಿದರೋ ಇಲ್ಲವೋ ಎಂಬುದನ್ನು ಯಾರೂ ತಿರುಗಿ ನೋಡುವುದಿಲ್ಲ.

ಈ ಮಾತು ಹೊಗಳಿಕೆಯೆಂದೇ ಆಡಲ್ಪಡುತ್ತದೆ. ಆಡುವವರ ಭಕ್ತಿಯಲ್ಲಿ ಸಂದೇಹಪಡತಕ್ಕದ್ದೇನೂ ಇಲ್ಲ. ಆದರೆ ಮಾತನ್ನು ತೂಗಿ ನೋಡಿದರೆ ಅದರಲ್ಲಿ ಸತ್ಯ ಕಡಿಮೆ, ಅನ್ಯಾಯ ಹೆಚ್ಚು. ಬಹುಪಾಲು ಒಳ್ಳೆಯ ಮುಖ್ಯೋಪಾಧ್ಯಾಯರು ಮನೆಯನ್ನು ಮರೆತವರಲ್ಲ, ಮನೆಯನ್ನೇ ಶಾಲೆಗೆ ಕೊಟ್ಟವರು. ಮರೆಯುವುದಕ್ಕೂ ಕೊಡುವುದಕ್ಕೂ ಇರುವ ಅಂತರ ಸಾಮಾನ್ಯವಾದದ್ದಲ್ಲ. ಮರೆತರೆ ದುಡಿದವರು ಒಬ್ಬರೇ. ಕೊಟ್ಟರೆ ಕೊಟ್ಟವರು ಇಬ್ಬರು, ಮಕ್ಕಳೂ ಸೇರಿದರೆ ನಾಲ್ಕೈದು ಮಂದಿ. ಸ್ಮರಣ ಸಂಚಿಕೆಗಳಲ್ಲಿ ಹೆಸರು ಬರುವುದು ಮಾತ್ರ ಒಬ್ಬರದು.

ಹಳೆಯ ಕಾಲದ ವ್ಯವಸ್ಥೆಯನ್ನು ಸ್ವಲ್ಪ ನೆನೆದರೆ ಈ ಮಾತು ಸ್ಪಷ್ಟವಾದೀತು. ಹೋಬಳಿಗೊಂದು ಪ್ರೌಢಶಾಲೆಯಿಲ್ಲದ ದಿನಗಳಲ್ಲಿ ಗುಬ್ಬಿ, ಕುಣಿಗಲುಗಳ ಸುತ್ತಣ ಹಳ್ಳಿಯ ಹುಡುಗನು ಮಾಧ್ಯಮಿಕ ಶಾಲೆ ಮುಗಿಸಿದ ಮೇಲೆ ಓದಬೇಕೆಂದರೆ ಪೇಟೆಯನ್ನು ಸೇರಲೇಬೇಕು. ಸೇರಿದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಕೆಲವರಿಗೆ ವಾರದ ಮನೆಗಳು: ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಊಟ. ಕೆಲವರಿಗೆ ಮಠದ ದಾಸೋಹ. ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. ಅನ್ನವೂ ಅಕ್ಷರವೂ ಒಂದೇ ಸೂರಿನಡಿ ದೊರೆಯುವಂತಾದದ್ದು ಈ ಸೀಮೆಯ ಬಡ ಮಕ್ಕಳ ಭಾಗ್ಯ. ಗುಬ್ಬಿಯಲ್ಲಿ 1838ರಲ್ಲಿ ಜನಿಸಿದ ತೋಟದಪ್ಪನವರು ವ್ಯಾಪಾರದಿಂದ ಗಳಿಸಿದ್ದನ್ನು ಧರ್ಮಕ್ಕೆ ಮೀಸಲಿಟ್ಟು, 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿದರು. ಅವರ ಹೆಸರಿನ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು ಕಾಲೇಜು ಓದಿದವರು ಅಸಂಖ್ಯ. ಮುಂದೆ ಸಿದ್ಧಗಂಗೆಯ ಮಠಾಧಿಪತಿಗಳಾದ ಶ್ರೀ ಶಿವಕುಮಾರ ಸ್ವಾಮಿಗಳೂ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಅಲ್ಲಿದ್ದವರೇ.

ಮಠವೂ ನಿಲಯವೂ ಮುಟ್ಟದಿದ್ದ ಹುಡುಗರಿಗೆ ಮೂರನೆಯದೊಂದು ಆಶ್ರಯವಿತ್ತು. ಅದು ಮೇಷ್ಟರ ಮನೆ. ಅದಕ್ಕೆ ಫಲಕವಿರಲಿಲ್ಲ, ಆಡಳಿತ ಮಂಡಳಿಯಿರಲಿಲ್ಲ, ವಾರ್ಷಿಕ ವರದಿಯೂ ಇರಲಿಲ್ಲ. ಆದಕಾರಣ ಅದರ ಇತಿಹಾಸವೂ ಇಲ್ಲ. ಹೊರಜಗುಲಿಯಲ್ಲಿ ಇಬ್ಬರು ಹುಡುಗರ ಹಾಸಿಗೆ ಸುರುಳಿ. ಗೋಡೆಯ ಗೂಟಕ್ಕೆ ಅವರ ಕೈಚೀಲ. ಲಾಟೀನಿನ ಸುತ್ತ ಮನೆಯ ಮಕ್ಕಳೊಡನೆ ಅವರೂ. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಂತೆ ಇಬ್ಬರು ನಾಲ್ವರಾಗುತ್ತಿದ್ದುದುಂಟು. ಹಿಟ್ಟಿನ ಮಡಕೆಗೆ ಎಸರು ಎಷ್ಟಿಡಬೇಕೆಂಬುದನ್ನು ನಿರ್ಧರಿಸುತ್ತಿದ್ದವರು ಮುಖ್ಯೋಪಾಧ್ಯಾಯರಲ್ಲ. ತಿಂಗಳ ಕೊನೆಯ ವಾರದಲ್ಲಿ ಅಂಗಡಿಯಿಂದ ಕಡ ತಂದ ರಾಗಿಯ ಲೆಕ್ಕ ಯಾರ ನೆನಪಿನಲ್ಲಿತ್ತೋ ಅವರೇ ನಿರ್ಧರಿಸುತ್ತಿದ್ದರು. ಪರೀಕ್ಷೆಯ ಶುಲ್ಕ ಕಟ್ಟಲಾರದ ಹುಡುಗನಿಗೆ ಗುರುಗಳು ತಮ್ಮ ಸಂಬಳದಿಂದ ಕೊಟ್ಟರೆಂದು ಸಭೆಗಳಲ್ಲಿ ಹೇಳುವುದುಂಟು. ಆ ಸಂಬಳದಲ್ಲಿ ಕೊಟ್ಟು ಉಳಿದದ್ದರಲ್ಲಿ ತಿಂಗಳನ್ನು ಕಳೆದವರ ಮಾತು ಅಲ್ಲಿ ಬರುವುದಿಲ್ಲ.

ಶಿವಶರಣರ ಪರಂಪರೆಯನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನಷ್ಟೆ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ತಂದಾಗ, ಇದು ಬೇಡ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದವಳು ಲಕ್ಕಮ್ಮ. ಆಕೆ ಗಂಡನ ಕಾಯಕಕ್ಕೆ ನೆರಳಾಗಿ ನಿಂತವಳಲ್ಲ. ಕಾಯಕದ ಅಳತೆಯನ್ನು ಹಿಡಿದು ನಿಂತವಳು. ಲಕ್ಕಮ್ಮನನ್ನು ಬಿಟ್ಟು ಮಾರಯ್ಯನೊಬ್ಬನ ಕಥೆಯನ್ನು ಹೇಳಹೊರಟರೆ ಕಥೆಯೇ ಉಳಿಯುವುದಿಲ್ಲ. ಶರಣರ ಪುರಾತನ ಕಥೆಗಳನ್ನು ಇಷ್ಟು ಎಚ್ಚರದಿಂದ ಕಾಪಾಡಿಕೊಂಡು ಬಂದ ಸಮಾಜವೇ ತನ್ನ ಶಾಲೆಗಳ ಕಥೆಯನ್ನು ಹೇಳುವಾಗ ಲಕ್ಕಮ್ಮಂದಿರನ್ನು ಬಿಟ್ಟುಬಿಡುವುದು ಸೋಜಿಗವಲ್ಲವೆ?

ಮುಖ್ಯೋಪಾಧ್ಯಾಯರ ಮಕ್ಕಳ ಪಾಡು ಇನ್ನೊಂದು. ಬೇರೆಯವರ ಮಕ್ಕಳಿಗೆ ಶಾಲೆ ಬಿಟ್ಟ ಗಂಟೆಗೆ ಮುಖ್ಯೋಪಾಧ್ಯಾಯರು ಮುಗಿದುಹೋಗುತ್ತಾರೆ, ಇವರಿಗೆ ಹಾಗಲ್ಲ. ತರಗತಿಯಲ್ಲಿ ತಪ್ಪು ಮಾಡಿದರೆ ಎಲ್ಲರಿಗೂ ಒಂದು ಏಟು, ಪಕ್ಷಪಾತದ ಮಾತು ಬಾರದಿರಲೆಂದು ಇವರಿಗೆ ಎರಡು. ಮೊದಲನೆಯವರಾಗಿ ತೇರ್ಗಡೆಯಾದರೆ ಅಪ್ಪನ ದಯೆಯೆಂಬ ಪಿಸುಮಾತು. ನಪಾಸಾದರೆ ಊರಿಗೆಲ್ಲ ಪಾಠ ಹೇಳುವವರ ಮನೆಯ ದೀಪದ ಬುಡ ಕತ್ತಲೆಯೆಂಬ ಗಾದೆ. ವರ್ಗಾವಣೆಯಾದರೆ ಓದುತ್ತಿದ್ದ ಶಾಲೆಯನ್ನು, ಗೆಳೆಯರನ್ನು ನಡುವರ್ಷದಲ್ಲಿಯೇ ಬಿಟ್ಟು ಹೊರಡಬೇಕು. ಹೀಗೆ ಬೆಳೆದವರಲ್ಲಿ ತಂದೆಯನ್ನು ಗೌರವಿಸುವವರು ಬಹುಮಂದಿ. ತಂದೆಯನ್ನು ಹತ್ತಿರದಿಂದ ಬಲ್ಲೆವೆನ್ನುವವರು ಅಷ್ಟು ಮಂದಿಯಲ್ಲ. ತಂದೆಯ ಮರಣಾನಂತರ ಹಳೆಯ ವಿದ್ಯಾರ್ಥಿಗಳ ಬಾಯಿಂದ ಅವರ ನಗೆಮಾತುಗಳನ್ನು ಕೇಳಿ, ಮನೆಯಲ್ಲಿ ಹೀಗೆ ನಗುತ್ತಿದ್ದುದನ್ನು ಕಾಣಲಿಲ್ಲವಲ್ಲ ಎಂದು ಬೆರಗಾಗುವ ಮಕ್ಕಳಿದ್ದಾರೆ. ಇದನ್ನು ತ್ಯಾಗವೆಂದು ಕರೆಯುವುದಾದರೆ, ತ್ಯಾಗ ಮಾಡಿದವರು ಆ ಮಕ್ಕಳೇ ಹೊರತು ತಂದೆಯಲ್ಲ. ನಿಜವಾಗಿ ಮನೆಯನ್ನು ಮರೆತ ಮುಖ್ಯೋಪಾಧ್ಯಾಯರೂ ಕೆಲವರು ಇದ್ದಿರಬಹುದು. ಹಾಗಿದ್ದರೆ ಅದು ಅವರ ಕೊರತೆ. ಹೂಮಾಲೆಯ ಜೊತೆಗೆ ಅದನ್ನೂ ಪೋಣಿಸಿ ಗುಣವೆಂದು ತೋರಿಸಬೇಕಾದುದಿಲ್ಲ. ಇಂದು ಶಾಲೆಗೆ ಹೊಸದಾಗಿ ಸೇರಿದ ತರುಣ ಉಪಾಧ್ಯಾಯರು ಆ ಸಭೆಯಲ್ಲಿ ಕುಳಿತು ಕೇಳುತ್ತಿರುತ್ತಾರೆಂಬುದನ್ನಾದರೂ ಭಾಷಣಕಾರರು ನೆನೆಯಬೇಕು.

ಈ ಜಿಲ್ಲೆಯೇ ಹೆತ್ತ ಒಬ್ಬ ಮಹಾನುಭಾವರ ಉದಾಹರಣೆ ಇಲ್ಲಿ ಒಪ್ಪುತ್ತದೆ. ಗುಬ್ಬಿ, ಕುಣಿಗಲು ತಾಲ್ಲೂಕುಗಳೆರಡಕ್ಕೂ ನೆರೆಯಾದ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮ ಬಿ.ಎಂ. ಶ್ರೀಕಂಠಯ್ಯನವರ ಜನ್ಮಸ್ಥಳ. 1884ರ ಜನವರಿ 3ರಂದು ಅಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷಿನ ಅಧ್ಯಾಪಕರಾಗಿದ್ದುಕೊಂಡು ಕನ್ನಡವನ್ನು ಕಟ್ಟಿದ ಕಥೆ ಎಲ್ಲರಿಗೂ ತಿಳಿದದ್ದು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಅವರು ಮಾಡಿದ ಉಪನ್ಯಾಸವೂ, ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವೂ ಹೊಸಗನ್ನಡದ ಹೆಗ್ಗುರುತುಗಳೆಂದು ಪಾಠಗಳಲ್ಲಿ ಬರುತ್ತವೆ. ಆದರೆ ಅವರ ಬಾಳಿನ ಕೊನೆಯ ಅಧ್ಯಾಯವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ವಿಶ್ರಾಂತಿ ಪಡೆಯಬಹುದಾಗಿದ್ದ ವಯಸ್ಸಿನಲ್ಲಿ, 1944ರಲ್ಲಿ, ಧಾರವಾಡದ ಕೆ.ಇ. ಬೋರ್ಡಿನ ಕಲಾ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ತಮ್ಮ ಮೊದಲ ದೊಡ್ಡ ಮಾತನ್ನಾಡಿದ ಊರಿಗೇ ಮೂವತ್ತಮೂರು ವರ್ಷಗಳ ತರುವಾಯ ಮರಳಿ, ಹೊಸದೊಂದು ವಿದ್ಯಾಲಯದ ಹೊಣೆಯನ್ನು ಹೊತ್ತರು. ಅರವತ್ತೆರಡು ತುಂಬಿ ಎರಡೇ ದಿನಗಳಾಗಿದ್ದಾಗ, 1946ರ ಜನವರಿ 5ರಂದು, ಅಲ್ಲಿಯೇ ದೇಹವನ್ನು ಬಿಟ್ಟರು.

ಇಂಥ ಗುರುಗಳ ಮನೆ ಹೇಗಿತ್ತು? ಚಿಕ್ಕ ಪ್ರಾಯದಲ್ಲಿಯೇ ಪತ್ನಿಯನ್ನು ಕಳೆದುಕೊಂಡು, ಮರುವಿವಾಹದ ಯೋಚನೆ ಮಾಡದೆ, ಸಂಸಾರದ ಹೊರೆಯನ್ನು ಒಬ್ಬರೇ ಹೊತ್ತವರು ಅವರು. ಮನೆಯ ದೀಪವೊಂದು ಆರಿದ ಮೇಲೂ ಆ ಮನೆಯ ಬಾಗಿಲು ಶಿಷ್ಯರಿಗೆ ಮುಚ್ಚಲಿಲ್ಲ. ಅವರ ಬಳಿ ಕಲಿತವರು, ಅವರ ಕೈಹಿಡಿತದಲ್ಲಿ ಬರೆಯತೊಡಗಿದವರು ಮುಂದೆ ಕನ್ನಡದ ಹಿರಿಯರಾದರು. ಆ ಶಿಷ್ಯರಲ್ಲಿ ಒಬ್ಬರಾದ ತೀ.ನಂ. ಶ್ರೀಕಂಠಯ್ಯನವರೂ ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರೆವಿನ್ಯೂ ಇಲಾಖೆಯ ಅಧಿಕಾರ ಕೈಗೆ ಬಂದಿದ್ದರೂ ಅದನ್ನು ಬಿಟ್ಟು ಅಧ್ಯಾಪನಕ್ಕೆ ಮರಳಿದವರು ಅವರು. ಅಮಲ್ದಾರಿಕೆಯ ದಾರಿಯನ್ನು ತೊರೆದು ಮೇಷ್ಟರಾಗುವ ನಿರ್ಧಾರ ಕೈಗೊಂಡವರು ಒಬ್ಬರಾದರೂ ಅದರ ಫಲವನ್ನು ಉಂಡದ್ದು ಇಡೀ ಮನೆ. ಆಗಿನ ದಿನಮಾನದಲ್ಲಿ ಆ ಎರಡು ಕೆಲಸಗಳ ನಡುವಣ ಅಂತರ ಎಷ್ಟೆಂಬುದನ್ನು ಹಿರಿಯರಿಗೆ ವಿವರಿಸಬೇಕಾಗಿಲ್ಲ.

ಶ್ರೀಯವರ ಸ್ಮರಣೆಯ ಮಟ್ಟಿಗೆ ಕನ್ನಡಿಗರು ಕೃತಘ್ನರಾಗಲಿಲ್ಲ. ಅವರು ಬದುಕಿದ್ದಾಗಲೇ, 1941ರಲ್ಲಿ, ‘ಸಂಭಾವನೆ’ಯೆಂಬ ಗ್ರಂಥವನ್ನು ಅವರಿಗೆ ಅರ್ಪಿಸಿದರು. 1979ರಲ್ಲಿ ಎಂ.ವಿ. ಸೀತಾರಾಮಯ್ಯನವರ ಶ್ರಮದಿಂದ ಬೆಂಗಳೂರಿನಲ್ಲಿ ಅವರ ಹೆಸರಿನ ಪ್ರತಿಷ್ಠಾನ ಸ್ಥಾಪಿತವಾಯಿತು. ಹೋದವರ ನೆನಪನ್ನು ವಿದ್ಯಾಕಾರ್ಯಕ್ಕೆ ತಿರುಗಿಸಿದ ಒಳ್ಳೆಯ ಮೇಲ್ಪಂಕ್ತಿಯದು. ಇಷ್ಟಾದರೂ ಶ್ರೀಯವರ ಪಾಂಡಿತ್ಯವನ್ನು ಬಲ್ಲ ನೂರು ಮಂದಿಯಲ್ಲಿ ಅವರ ಮನೆಯ ದುಃಖವನ್ನು ಬಲ್ಲವರು ಹತ್ತು ಮಂದಿ ಸಿಕ್ಕಿಯಾರೆ? ಅಷ್ಟು ದೊಡ್ಡವರ ವಿಷಯದಲ್ಲಿಯೇ ಹೀಗಾದರೆ, ಒಂದೇ ಊರಿನ ಒಂದೇ ಶಾಲೆಯಲ್ಲಿ ಮೂವತ್ತು ವರ್ಷ ಸವೆದ ಮುಖ್ಯೋಪಾಧ್ಯಾಯರ ಮನೆಯ ಮಾತನ್ನು ಕೇಳುವವರಾರು?

ಉತ್ತರದ ಕಡೆಗೆ ನೋಡಿದರೂ ಇದೇ ನ್ಯಾಯ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸಂಸ್ಥೆಯನ್ನು ಕಟ್ಟಲು ನಿಂತ ಏಳು ಮಂದಿಯನ್ನು ಸಪ್ತರ್ಷಿಗಳೆಂದು ನಾಡು ಗೌರವಿಸುತ್ತದೆ. ವಚನ ಸಾಹಿತ್ಯದ ಸಂಪಾದಕರೆಂದು ಪ್ರಸಿದ್ಧರಾದ ಶಿ.ಶಿ. ಬಸವನಾಳರು ಅವರಲ್ಲೊಬ್ಬರು. ಹೆಚ್ಚಿನ ಸಂಬಳದ ಹುದ್ದೆಗಳನ್ನು ಬಿಟ್ಟು ಅಲ್ಪ ವೇತನಕ್ಕೆ ದುಡಿಯಲು ಅವರು ಒಪ್ಪಿದರು. ಪುರಾಣದ ಸಪ್ತರ್ಷಿಗಳ ಮಾತು ಬಂದಾಗ ಅರುಂಧತಿಯನ್ನು ಬಿಡುವ ರೂಢಿಯಿಲ್ಲ. ಮದುವೆಯ ದಿನ ಹೊರಗೆ ಕರೆತಂದು ಬೆರಳೆತ್ತಿ ತೋರಿಸುತ್ತಾರೆ. ಈ ಸಪ್ತರ್ಷಿಗಳ ಮನೆಗಳಲ್ಲಿ ಆ ಅಲ್ಪ ವೇತನವನ್ನು ತಿಂಗಳ ಉದ್ದಕ್ಕೂ ಹಿಗ್ಗಿಸಿದ ಅರುಂಧತಿಯರನ್ನು ತೋರಿಸುವ ಬೆರಳು ಇನ್ನೂ ಮೇಲೆದ್ದಿಲ್ಲ.

ಹಾಗೆಂದು ಬರೆಯುವ ದಾರಿಯೇ ಇಲ್ಲವೆನ್ನುವಂತಿಲ್ಲ. ಎಂ.ಆರ್. ಶ್ರೀನಿವಾಸಮೂರ್ತಿಯವರು 1949ರಲ್ಲಿ ಪ್ರಕಟಿಸಿದ ‘ರಂಗಣ್ಣನ ಕನಸಿನ ದಿನಗಳು’ ಹಿಂದಿನ ಮೈಸೂರು ಸಂಸ್ಥಾನದ ಹಳ್ಳಿ ಶಾಲೆಗಳ, ಬಡ ಮೇಷ್ಟರುಗಳ, ಇನ್‌ಸ್ಪೆಕ್ಟರ ಸಂಚಾರದ ಕಥೆ. ವಿದ್ಯಾ ಇಲಾಖೆಯಲ್ಲಿ ಸ್ವತಃ ಸೇವೆ ಸಲ್ಲಿಸಿದವರು ಬರೆದದ್ದರಿಂದ ಅದರಲ್ಲಿ ಕಚೇರಿಯಷ್ಟೇ ಅಲ್ಲದೆ ಮನೆಯೂ ಇದೆ. ಇನ್‌ಸ್ಪೆಕ್ಟರ ಹೆಂಡತಿ ಆಡುವ ಮಾತಿಗೂ ಅಲ್ಲಿ ತೂಕವಿದೆ. ವಚನಧರ್ಮವನ್ನು ಕುರಿತು ಬರೆದ ಅದೇ ಲೇಖನಿ ಶಾಲೆಯ ಮೇಷ್ಟರನ್ನು ಕುರಿತೂ ಬರೆಯಿತೆಂಬುದು ಗಮನಾರ್ಹ. ಮೇಷ್ಟರ ಬಾಳು ಗ್ರಂಥಕ್ಕೆ ತಕ್ಕ ವಸ್ತುವಲ್ಲವೆಂದು ಅವರಿಗೆ ತೋರಲಿಲ್ಲ.

ಸಂಸಾರವನ್ನೇ ತೊರೆದವರ ನಡತೆ ಈ ವಿಷಯದಲ್ಲಿ ಸಂಸಾರಿಗಳಿಗೆ ಕಣ್ಣು ತೆರೆಸಬೇಕು. 1930ರಲ್ಲಿ ಸನ್ಯಾಸವನ್ನು ಸ್ವೀಕರಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಿಗೆ ಮನೆಯಿಲ್ಲ, ಮಕ್ಕಳಿಲ್ಲ. 2019ರ ಜನವರಿ 21ರಂದು, ನೂರಹನ್ನೊಂದರ ಇಳಿವಯಸ್ಸಿನಲ್ಲಿ, ಮಧ್ಯಾಹ್ನಕ್ಕೆ ತುಸು ಮುಂಚೆ ಅವರು ಲಿಂಗೈಕ್ಯರಾದರು. ಆ ವಾರ್ತೆಯನ್ನು ಮಠದಲ್ಲಿ ಕೂಡಲೇ ಪ್ರಕಟಿಸಲಿಲ್ಲ. ಸಾವಿರಾರು ಮಕ್ಕಳು ಪ್ರಸಾದಕ್ಕೆ ಕುಳಿತುಕೊಳ್ಳುವ ಹೊತ್ತದು. ಸುದ್ದಿ ತಿಳಿದರೆ ಆ ಮಕ್ಕಳು ತುತ್ತೆತ್ತಲಾರರು. ಮಕ್ಕಳ ಊಟ ಮುಗಿಯುವವರೆಗೆ ತಮ್ಮ ಮರಣದ ವಾರ್ತೆಯನ್ನು ಹೇಳಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಅಂದು ನಾಡಿಗೆಲ್ಲ ತಿಳಿಯಿತು. ತನ್ನ ಸಾವಿಗಿಂತ ಮಕ್ಕಳ ಊಟ ಮುಂದೆಂದು ಎಣಿಸುವುದು ಸನ್ಯಾಸಿಯ ಬುದ್ಧಿಯೋ ತಾಯಿಯ ಬುದ್ಧಿಯೋ? ಮನೆ ಬಿಟ್ಟು ಬಂದವರು ಮಠವನ್ನು ಮನೆ ಮಾಡಿಕೊಂಡು ಹೀಗೆ ಬಾಳಿದ್ದನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ, ಮನೆಯಿದ್ದವರು ಮನೆಯನ್ನು ಮರೆತರೆಂದು ಹೊಗಳುವುದು ಯಾವ ನ್ಯಾಯ?

ಇನ್ನು ಮಾಡಬೇಕಾದುದೇನು ಎಂಬ ಪ್ರಶ್ನೆ. ಭಾವಚಿತ್ರವನ್ನು ತೂಗುಹಾಕುವ ಮೊದಲು ಶಾಲೆಯ ಕಚೇರಿ ಮಾಡಬೇಕಾದ ಕೆಲಸವೊಂದಿದೆ. ಅದು ಸ್ಮರಣೆಯ ಲೆಕ್ಕಕ್ಕೆ ಸೇರದೆಂದು ಕೆಲವರು ಭಾವಿಸಿಯಾರು. ಸೇವಾಪುಸ್ತಕದಲ್ಲಿನ ಹೆಸರಿಗೂ ಮರಣಪತ್ರದಲ್ಲಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಸಾಕು, ಕುಟುಂಬ ನಿವೃತ್ತಿವೇತನಕ್ಕಾಗಿ ವೃದ್ಧ ಪತ್ನಿ ಖಜಾನೆಯ ಮೆಟ್ಟಿಲನ್ನು ತಿಂಗಳುಗಟ್ಟಲೆ ಹತ್ತಿಳಿಯಬೇಕಾಗುತ್ತದೆ. 2006ರ ಏಪ್ರಿಲ್ 1ರಿಂದೀಚೆಗೆ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆಯ ಪದ್ಧತಿಯನ್ನು ಬಿಟ್ಟು ಹೊಸ ಪಿಂಚಣಿ ಯೋಜನೆ ಜಾರಿಗೆ ಬಂದದ್ದರಿಂದ, ಮುಂದಿನ ತಲೆಮಾರಿನ ಮೇಷ್ಟರ ಮನೆಗಳ ಚಿಂತೆ ಇನ್ನೂ ಬೇರೆ. ಶ್ರದ್ಧಾಂಜಲಿಯ ದಿನ ಗುಮಾಸ್ತರೊಬ್ಬರನ್ನು ಆ ಮನೆಗೆ ಕಳುಹಿಸಿ ಕಾಗದಪತ್ರಗಳನ್ನು ಸರಿಪಡಿಸಿಕೊಟ್ಟರೆ ಅದು ಮೂರು ಭಾಷಣಗಳಿಗೆ ಸಮ. ಸಭೆಯಲ್ಲಿ ಆ ತಾಯಿಗೆ ಎರಡನೆಯ ಸಾಲಿನ ಕುರ್ಚಿಯಲ್ಲ, ವೇದಿಕೆಯ ಮೇಲೆ ಸ್ಥಾನ ಸಲ್ಲಬೇಕು. ಆಕೆಗೆ ಇಷ್ಟವಿದ್ದರೆ ಮಾತಾಡುವ ಅವಕಾಶವೂ.

ಸ್ಮರಣ ಸಂಚಿಕೆಯನ್ನು ತರುವವರಿಗೂ ಒಂದು ಕೆಲಸ ಕಾದಿದೆ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ಪಾಲಕರ ಹೆಸರು, ವಿಳಾಸ ಬರೆಯುವ ಕಲಮುಂಟು. ಹಳ್ಳಿಯಿಂದ ಬಂದ ಹುಡುಗರ ಸಾಲುಗಳಲ್ಲಿ ಆ ಕಲಮನ್ನು ಯಾರಾದರೂ ತಾಳ್ಮೆಯಿಂದ ಓದಬೇಕು. ಅಲ್ಲಿ ಮೇಷ್ಟರೊಬ್ಬರ ಹೆಸರೋ ಅವರ ಮನೆಯ ಬೀದಿಯ ಹೆಸರೋ ಕಂಡರೆ ಗುರುತು ಮಾಡಿಕೊಳ್ಳಬೇಕು. ಆ ಹುಡುಗರಲ್ಲಿ ಇಂದು ಬದುಕಿರುವವರು ಅರವತ್ತು ಎಪ್ಪತ್ತು ದಾಟಿದವರು. ಗುಬ್ಬಿಯಲ್ಲೋ ಕುಣಿಗಲಿನಲ್ಲೋ ತೋಟ ನೋಡಿಕೊಂಡಿರುವವರು, ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವವರು. ಅವರನ್ನು ಹುಡುಕಿ ಕೇಳಿದರೆ ಆ ಮನೆಯ ಮುದ್ದೆಯ ಗಾತ್ರವನ್ನು, ಸಾರಿನ ರುಚಿಯನ್ನು, ಜ್ವರ ಬಂದಾಗ ಹಣೆಯ ಮೇಲೆ ಇರಿಸಿದ ಒದ್ದೆ ಬಟ್ಟೆಯನ್ನು ತಡವರಿಸದೆ ಹೇಳಿಯಾರು. ಬಡಿಸಿದವರ ಹೆಸರೇನೆಂದು ಕೇಳಿದರೆ ಮಾತ್ರ ಬಹುಮಂದಿ ತಡವರಿಸುತ್ತಾರೆ. ಮೇಷ್ಟರ ಮನೆಯ ಅಮ್ಮ ಎಂದಷ್ಟೇ ಅವರಿಗೆ ಗೊತ್ತು. ಆ ಹೆಸರನ್ನು ಮನೆಯವರಿಂದ ಕೇಳಿ ತಿಳಿದು, ಸಂಚಿಕೆಯ ಮೊದಲ ಪುಟದಲ್ಲಿ, ಮುಖ್ಯೋಪಾಧ್ಯಾಯರ ಹೆಸರಿನ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಅಚ್ಚು ಹಾಕಿಸಬೇಕು.